ಜೋಡಿ ಆಟ ನನ್ನದಲ್ಲ

ಜೋಡಿ ಆಟ ನನ್ನದಲ್ಲ. ಅದನ್ನು ಕಟ್ಟಿದವಳು ಜಬೀನಾ. ನಾನು ಕದ್ದೆ.

ಕದ್ದೆ ಎಂಬ ಮಾತು ಬೇಡ ಎಂದು ಹೇಳಿದವರಿದ್ದಾರೆ. 'ಇಬ್ಬರೂ ಸೇರಿ ಮಾಡಿದ್ದು' ಅನ್ನಿ ಮೇಡಂ, 'ಅವರಿಂದ ಸ್ಫೂರ್ತಿ ಪಡೆದೆ' ಅನ್ನಿ, ಅಷ್ಟು ವರ್ಷದ ಹಿಂದಿನ ಮಾತು, ಈಗ ಯಾರು ಕೇಳ್ತಾರೆ... ನನ್ನ ಮನೆಯವರೂ ಇದನ್ನೇ ಹೇಳಿದರು. ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ತಪ್ಪು ಉತ್ತರದ ಕೆಳಗೆ ಚಂದದ ಅಕ್ಷರದಲ್ಲಿ ವಿವರಣೆ ಬರೆದರೆ ಅದು ಸರಿಯಾಗುವುದಿಲ್ಲ ಎಂಬಷ್ಟು ನನಗೆ ಗೊತ್ತು. ಕದ್ದೆ ಅಂದರೆ ಕದ್ದೆ. ಮತ್ತು ಕದ್ದದ್ದು ನನ್ನ ತಪ್ಪುಗಳಲ್ಲಿ ಚಿಕ್ಕದು — ದೊಡ್ಡದು ಮುಂದೆ ಇದೆ.

ನಾನು ಗಿರಿಜಾ. ಹುಟ್ಟಿದ್ದು ತುಮಕೂರಿನಲ್ಲಿ, ಮದುವೆಯಾಗಿ ಬಂದದ್ದು ಗುಬ್ಬಿಗೆ. ನಮ್ಮ ಸಂಸ್ಥೆಗೆ ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು ಹೈಸ್ಕೂಲು. ಹೆಸರು ಬೇಡ. ಗುಬ್ಬಿಯ ಶಾಲೆಯಲ್ಲಿ ನಾನು ಗಣಿತದ ಹಿರಿಯ ಶಿಕ್ಷಕಿ. ಬಿಗಿಯಾದ ಮೇಡಂ ಎಂದು ಹೆಸರು. ನಾನು ಕಾರಿಡಾರಿನಲ್ಲಿ ಕಾಣಿಸಿದರೆ ಸಾಕು, ಪಕ್ಕದ ಕ್ಲಾಸಿನವರೂ ಬಾಯಿ ಮುಚ್ಚುತ್ತಿದ್ದರು. ಅದು ನನಗೆ ಹೆಮ್ಮೆ.

ಎಂಟನೇ ತರಗತಿಯಲ್ಲಿ ಸರ್ವಸಮ ತ್ರಿಭುಜಗಳ ಪಾಠ ಬರುತ್ತದೆ. ಅಳತೆಯಲ್ಲಿ, ಆಕಾರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದ ಎರಡು ತ್ರಿಭುಜಗಳು. ಒಂದರ ಯಾವ ಬಾಹುವಿಗೆ ಇನ್ನೊಂದರ ಯಾವ ಬಾಹು ಸಮ, ಯಾವ ಕೋನಕ್ಕೆ ಯಾವ ಕೋನ ಸಮ — ಅನುರೂಪ ಭಾಗಗಳನ್ನು ಗುರುತಿಸಬೇಕು. ನೋಡಲು ಸುಲಭ. ಬೋರ್ಡಿನ ಮೇಲೆ ಎರಡನ್ನೂ ಒಂದೇ ಕಡೆಗೆ ಮುಖ ಮಾಡಿ ಬರೆದರೆ ನನ್ನ ಮಕ್ಕಳು ಪಟಪಟ ಹೇಳುತ್ತಿದ್ದರು. ಎರಡನೆಯದನ್ನು ಸ್ವಲ್ಪ ತಿರುಗಿಸಿ ಬರೆದೆನೋ, ಮುಗಿಯಿತು. ಎಡಗಡೆಯದಕ್ಕೆ ಎಡಗಡೆಯದು ಸಮ ಎನ್ನುವರು, ಕೆಳಗಿನದಕ್ಕೆ ಕೆಳಗಿನದು. ಡಸ್ಟರ್‌ನಿಂದ ಮೇಜು ಕುಟ್ಟುತ್ತಿದ್ದೆ. ಕೊನೆಗೆ ಪ್ರಮೇಯದ ಸಾಧನೆಯನ್ನು ಡಿಕ್ಟೇಟ್ ಮಾಡಿ, ಬಾಯಿಪಾಠ ಮಾಡಿಸಿ, ಪರೀಕ್ಷೆ ದಾಟಿಸುತ್ತಿದ್ದೆ. ರಿಸಲ್ಟ್ ಬರುತ್ತಿತ್ತು. ಅರ್ಥವಾಯಿತೇ ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಮಕ್ಕಳನ್ನು ಕೇಳುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಜಬೀನಾ ನಮ್ಮ ಶಾಲೆಗೆ ಬಂದಳು. ಗುಬ್ಬಿಯವಳೇ. ಪೇಟೆಯಲ್ಲಿ ಅವಳ ತಂದೆಗೆ ತೆಂಗಿನ ನಾರಿನ ಹಗ್ಗದ ಅಂಗಡಿ. ತುಮಕೂರಿನಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿದ್ದಳು. ನೇಮಕ ತಾತ್ಕಾಲಿಕ. ಎಂಟನೇ ತರಗತಿಯ 'ಬಿ' ಸೆಕ್ಷನ್ ಅವಳಿಗೆ, 'ಎ' ನನಗೆ. ಸ್ಟಾಫ್‌ರೂಮಿನಲ್ಲಿ ನನ್ನನ್ನು "ಅಕ್ಕಾ" ಎಂದು ಕರೆಯುತ್ತಿದ್ದಳು. ಮನೆಯಲ್ಲಿ ಉರ್ದು, ಹೊರಗೆ ನಮ್ಮೆಲ್ಲರಂಥದೇ ಗುಬ್ಬಿಯ ಕನ್ನಡ. ತಿಂಡಿ ಡಬ್ಬಿ ತೆಗೆದರೆ ಮೊದಲು ನನ್ನ ಕಡೆ ಸರಿಸುತ್ತಿದ್ದಳು.

ಒಂದು ಮಧ್ಯಾಹ್ನ ಮೈದಾನದಲ್ಲಿ ಗಲಾಟೆಯೋ ಗಲಾಟೆ. ಕಿರುಚಾಟ, ನಗು. ನನ್ನ ಕ್ಲಾಸಿನ ಮಕ್ಕಳೆಲ್ಲ ಕಿಟಕಿಯ ಕಡೆಗೇ ಕತ್ತು ಚಾಚಿದ್ದರು. ಬೈಯಲೆಂದೇ ಹೊರಗೆ ಹೋದೆ.

ಆರು ಜನ ಹುಡುಗಿಯರು. ಮೂವರು ಒಂದು ಹಗ್ಗದ ತ್ರಿಕೋನವನ್ನು ಮೂಲೆಗಳಲ್ಲಿ ಹಿಡಿದು ನಿಂತಿದ್ದರು, ಇನ್ನು ಮೂವರು ಅದೇ ಅಳತೆಯ ಇನ್ನೊಂದನ್ನು. ಒಂದೊಂದು ತ್ರಿಕೋನದಲ್ಲಿ ಒಂದು ಉದ್ದ ಹಗ್ಗ, ಒಂದು ಮಧ್ಯಮ, ಒಂದು ಗಿಡ್ಡ. ಜಬೀನಾ ಕೂಗಿದಳು:

"ಉದ್ದ ಹಗ್ಗಕ್ಕೂ ಗಿಡ್ಡ ಹಗ್ಗಕ್ಕೂ ಮಧ್ಯ ಇರೋಳು ಯಾರೇ?"

"ನಾನು ಮಿಸ್!" ಎಂದಳೊಬ್ಬಳು.

"ಆ ಕಡೆ ನಿನ್ನ ಜೋಡಿ ಯಾರು, ಹುಡುಕು!"

ಎರಡನೆಯ ತ್ರಿಕೋನದಲ್ಲಿ ಉದ್ದಕ್ಕೂ ಗಿಡ್ಡಕ್ಕೂ ನಡುವೆ ನಿಂತಿದ್ದವಳು ಕೈ ಎತ್ತಿದಳು. ಹೀಗೇ ಮೂರು ಜೋಡಿ ಗೊತ್ತಾದವು. ಆಮೇಲೆ ಜಬೀನಾ ಎರಡನೆಯ ತಂಡವನ್ನು ಗಿರ್ರನೆ ತಿರುಗಿಸಿದಳು. ಅಷ್ಟು ಸಾಲದೆಂದು, ಒಬ್ಬಳನ್ನು ಎದುರಿನ ಹಗ್ಗದ ಮೇಲಿಂದ ಆಚೆಗೆ ಜಿಗಿಸಿದಳು — ತ್ರಿಕೋನ ದೋಸೆಯ ಹಾಗೆ ಮಗುಚಿಬಿತ್ತು! ಆ ಗಲಾಟೆ ಅದರದು.

"ಈಗ ಹೇಳ್ರಿ, ಜೋಡಿ ಬದಲಾಯ್ತಾ?"

"ಇಲ್ಲಾ ಮಿಸ್!"

"ನೀವಿಬ್ರು ಹಿಡ್ಕೊಂಡಿರೋ ಹಗ್ಗಕ್ಕೆ ಆ ಕಡೆ ಯಾವ್ದು ಸಮ?"

"ನಮ್ಮ ಜೋಡಿಗಳು ಹಿಡ್ಕೊಂಡಿರೋದು!"

ಅಷ್ಟೇ. ನಾನು ಎಷ್ಟೋ ವರ್ಷ ಮೇಜು ಕುಟ್ಟಿ ಹೇಳಲಾಗದ್ದನ್ನು ಆ ಮಕ್ಕಳು ಆಕಾಶಕ್ಕೆ ಕೇಳಿಸುವಂತೆ ಕೂಗಿ ಹೇಳುತ್ತಿದ್ದರು. ಎಡ ಬಲವಿಲ್ಲ, ಮೇಲೆ ಕೆಳಗಿಲ್ಲ. ಯಾರಿಗೆ ಯಾರು ಜೋಡಿ ಎಂಬುದೊಂದೇ ಪ್ರಶ್ನೆ. ಮೂಲೆಗೆ ಮೂಲೆ ಸೇರಿದರೆ ಹಗ್ಗಕ್ಕೆ ಹಗ್ಗ ತಾನೇ ಸೇರುತ್ತದೆ. ಆಮೇಲೆ ಜಬೀನಾ ಕ್ಲಾಸಿಗೆ ಹೋಗಿ, ಜೋಡಿಗಳ ಕ್ರಮದಲ್ಲೇ ಮೂಲೆಗಳ ಅಕ್ಷರ ಬರೆಯಿರಿ ಎಂದು ಹೇಳಿದಳಂತೆ. ಅವಳ ಸೆಕ್ಷನ್ನಿನಲ್ಲಿ ಯಾರೂ ತಪ್ಪಲಿಲ್ಲ. ಅದೇ ಲೆಕ್ಕವನ್ನು ನನ್ನ ಸೆಕ್ಷನ್ನಿಗೆ ಕೊಟ್ಟು ನೋಡಿದೆ... ಬೇಡ, ಹೇಳುವುದಿಲ್ಲ.

"ಇದನ್ನೆಲ್ಲಿ ಕಲಿತೆ?" ಎಂದು ಕೇಳಿದ್ದೆ.

"ಎಲ್ಲೂ ಇಲ್ಲ ಅಕ್ಕಾ. ಅಂಗಡೀಲಿ ಕೂತ್ಕೊಂಡು ತಲೆ ಕೆಡಿಸ್ಕೊಂಡೆ. ಮೊದ್ಮೊದ್ಲು ಎಲ್ಲಾ ಕೆಟ್ಟೋಯ್ತು. ಹಗ್ಗ ಸಡಿಲ ಬಿಟ್ಟು ಹುಡುಗೀರು ಬಿದ್ದೂ ಬಿದ್ರು." ಹೇಳಿ ನಕ್ಕಳು.

ಅದೇ ವರ್ಷ ತುಮಕೂರಿನಲ್ಲಿ ಗಣಿತ ಶಿಕ್ಷಕರಿಗೆ ಬೋಧನಾ ವಿಧಾನದ ಸ್ಪರ್ಧೆ. ಶಾಲೆಯಿಂದ ಹಿರಿಯಳೆಂದು ನನ್ನ ಹೆಸರು ಹೋಯಿತು. ನನ್ನ ಹತ್ತಿರ ತೋರಿಸಲು ಏನಿತ್ತು? ಡಸ್ಟರ್. ಜಬೀನಾಳನ್ನು ಕೇಳಿದೆ: ಆ ಹಗ್ಗದ ಆಟ ಮಾಡಿಸಲೇ? ಅವಳ ಮುಖ ಅರಳಿತು.

"ಮಾಡ್ಸಿ ಅಕ್ಕಾ! ನಾನೂ ಬರ್ತೀನಿ, ಹುಡುಗೀರ್ನ ನೋಡ್ಕೋತೀನಿ."

ಬಂದಳು. ಹಗ್ಗ ಹೊತ್ತು ತಂದವಳೂ ಅವಳೇ. ನಾನು ನಡುವೆ ನಿಂತು ಆಟ ಆಡಿಸಿದೆ, ಅವಳು ಬದಿಯಲ್ಲಿ ನಿಂತಿದ್ದಳು. ಹಾಲಿನಲ್ಲಿದ್ದವರೆಲ್ಲ ಎದ್ದು ಹತ್ತಿರ ಬಂದು ನೋಡಿದರು. ತೀರ್ಪುಗಾರರಲ್ಲಿ ವಯಸ್ಸಾದ ಪ್ರೊಫೆಸರ್ ಒಬ್ಬರಿದ್ದರು. ಕನ್ನಡಕ ಹಣೆಗೇರಿಸಿಕೊಂಡು ಕೇಳಿದರು: "ಬಹಳ ಚೆನ್ನಾಗಿದೆಯಮ್ಮ. ಯಾರದು ಈ ಯೋಚನೆ?"

ಉತ್ತರ ಹೇಳಲು ಎಷ್ಟು ಹೊತ್ತು ಬೇಕಿತ್ತು? ಅವಳು ಒಂದು ಮಾರು ದೂರದಲ್ಲಿದ್ದಳು. ಕೈ ತೋರಿಸಿದ್ದರೆ ಸಾಕಿತ್ತು.

"ನಂದೇ ಸಾರ್. ನಾನೇ ಮಾಡಿದ್ದು."

ಹಗ್ಗ ಸುತ್ತುತ್ತಿದ್ದ ಜಬೀನಾಳ ಕೈ ನಿಂತಿತು. ನಾನು ನೋಡಿದೆ — ನೋಡಲಿಲ್ಲವೆಂದು ಹೇಳಲಾರೆ. ಆಮೇಲೆ ಮತ್ತೆ ಸುತ್ತತೊಡಗಿದಳು. ಮೊದಲ ಬಹುಮಾನ ನನಗೆ ಬಂತು.

ಗುಬ್ಬಿಗೆ ವಾಪಸಾಗುವ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಿಂದ ಒಬ್ಬ ಹುಡುಗಿ ಕೇಳಿದಳು, "ಮಿಸ್, ಆ ಆಟ ನಿಮ್ದಲ್ವಾ?" ಜಬೀನಾ ಮೆಲ್ಲಗೆ, "ಸುಮ್ನೆ ಕೂತ್ಕೋ ಪುಟ್ಟಿ" ಎಂದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಮಾರನೆಯ ದಿನದಿಂದ ನಾನು ಅವಳಿಗೆ ಅಕ್ಕ ಆಗಿರಲಿಲ್ಲ. ಮೇಡಂ ಆದೆ.

ಇಷ್ಟಕ್ಕೇ ನಿಂತಿದ್ದರೆ... ಆದರೆ ನಿಲ್ಲಲಿಲ್ಲ. ಸುಳ್ಳು ಹೇಳಿದ ಮೇಲೆ ಆ ಸುಳ್ಳು ದಿನವೂ ನನ್ನೆದುರು ಡಬ್ಬಿ ಬಿಚ್ಚಿ ಕೂರುತ್ತಿತ್ತು. ಮೈದಾನದಿಂದ ಗಲಾಟೆ ಕೇಳಿದರೆ ಕ್ಲಾಸಿನ ಕಿಟಕಿ ಮುಚ್ಚಿಸುತ್ತಿದ್ದೆ. ಅವಳು ಯಾರಿಗಾದರೂ ಹೇಳಿಬಿಟ್ಟರೆ? ಅವಳು ಯಾರಿಗೂ ಹೇಳಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಬೇಸಿಗೆ ರಜೆಗೆ ಮುಂಚೆ ಗಣಿತದ ಆ ಹುದ್ದೆಯನ್ನು ಖಾಯಂ ಮಾಡುವ ಮಾತು ಬಂತು. ಸಂಸ್ಥೆಯ ಸೆಕ್ರೆಟರಿಯವರು ನನ್ನನ್ನು ಆಫೀಸಿಗೆ ಕರೆಸಿದರು. ಅವರೂ ನಾವೂ ಒಂದೇ ಮಠದ ಭಕ್ತರು, ದೂರದ ನೆಂಟಸ್ತಿಕೆಯೂ ಇತ್ತು.

"ನಮ್ಮೋರೇ ಒಬ್ಬರು ಅರ್ಜಿ ಹಾಕವ್ರೆ ಗಿರಿಜಮ್ಮ. ಈ ಹುಡುಗಿ ಹೆಂಗೆ? ನೀವೇನಂತೀರಿ?"

ಅವರಿಗೆ ಬೇಕಾಗಿದ್ದದ್ದು ಒಂದು ಕಾರಣ. 'ನಮ್ಮೋರು' ಎನ್ನುವುದನ್ನು ಕಡತದಲ್ಲಿ ಬರೆಯಲಾಗುವುದಿಲ್ಲವಲ್ಲ. ಅದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ನಾನು ಹೇಳಿದೆ:

"ಅವರಿಗೆ ಕ್ಲಾಸ್ ಕಂಟ್ರೋಲ್ ಇಲ್ಲ ಸಾರ್."

ಒಂದೇ ಒಂದು ವಾಕ್ಯ. ಯಾವ ಗಲಾಟೆಗೆ ನಾನು ಬಹುಮಾನ ಹೊಡೆದಿದ್ದೆನೋ, ಅದೇ ಗಲಾಟೆಯನ್ನು ತೋರಿಸಿ ಅವಳನ್ನು ಹೊರಗೆ ಹಾಕಿದೆ. ಕೆಲಸ 'ನಮ್ಮವರಿಗೆ' ಹೋಯಿತು. ಕೊನೆಯ ದಿನ ಜಬೀನಾ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಹೋಗ್ಬರ್ತೀನಿ ಮೇಡಂ" ಎಂದಳು. "ಆಯ್ತಮ್ಮ" ಎಂದೆ. ತಲೆ ಎತ್ತಿದೆನೋ ಇಲ್ಲವೋ ನೆನಪಿಲ್ಲ — ಎತ್ತಿರಲಾರೆ.

ಆಮೇಲೆ ನನಗೆ ಎಲ್ಲವೂ ಒಳ್ಳೆಯದೇ ಆಯಿತು. ಕುಣಿಗಲ್ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಕಳಿಸಿದರು. ಶಿಕ್ಷಕರ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ಕರೆ ಬರತೊಡಗಿತು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅದು 'ಗಿರಿಜಾ ಮೇಡಂ ಜೋಡಿ ಆಟ' ಆಗಿಹೋಗಿತ್ತು. ಎಷ್ಟು ಸಲ ಹೇಳಿದೆನೆಂದರೆ — ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ — ಕೆಲವು ದಿನ ನನಗೇ ಅದು ನನ್ನದೆನಿಸುತ್ತಿತ್ತು. ಯೋಚನೆ ಹೊಳೆದ ಗಳಿಗೆಯನ್ನೂ ವರ್ಣಿಸುತ್ತಿದ್ದೆ. ಶಿಕ್ಷಕರು ತಲೆದೂಗುತ್ತಿದ್ದರು.

ಹುಲಿಯೂರುದುರ್ಗದಲ್ಲಿ ಸಿಕ್ಕಿಬಿದ್ದೆ.

ತರಬೇತಿಗೆ ಬಂದಿದ್ದ ಹೊಸ ಶಿಕ್ಷಕಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಸಮಾಂತರ ಚತುರ್ಭುಜಕ್ಕೆ ಕರ್ಣ ಎಳೆದ್ರೆ ಎರಡು ತ್ರಿಭುಜ ಆಗ್ತವಲ್ಲ, ಅವೂ ಸರ್ವಸಮ. ಅಲ್ಲಿ ಆಟ ಹೆಂಗೆ ಆಡ್ಸೋದು?" ಅದಕ್ಕೇನು ಎಂದು ನಾಲ್ಕು ಜನರನ್ನು ನಾಲ್ಕು ಮೂಲೆಗೆ ನಿಲ್ಲಿಸಿದೆ, ಕರ್ಣಕ್ಕೆ ಒಂದು ಹಗ್ಗ ಹಿಡಿಸಿದೆ. ಜೋಡಿ ಹುಡುಕಿ ಎಂದೆ. ಕರ್ಣದ ತುದಿಯಲ್ಲಿ ನಿಂತಿದ್ದವಳು ಅತ್ತ ಇತ್ತ ನೋಡಿ ಕೇಳಿದಳು, "ಮೇಡಂ, ನಾನು ಎರಡು ತ್ರಿಕೋನದಲ್ಲೂ ಇದೀನಿ. ನನ್ನ ಜೋಡಿ ಯಾರು? ನಾನೇನಾ?"

ನನಗೆ ಬೋರ್ಡಿನ ಮೇಲೆ ಸಾಧಿಸುವುದು ಗೊತ್ತಿತ್ತು. ಆಟದಲ್ಲಿ ಗೊತ್ತಿರಲಿಲ್ಲ. ಏಕೆಂದರೆ ಆಟ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನಾನು ನೋಡಿದಷ್ಟು ಮಾತ್ರ ನನ್ನ ಹತ್ತಿರವಿತ್ತು. "ಮಧ್ಯಾಹ್ನ ನೋಡೋಣ" ಎಂದು ತಪ್ಪಿಸಿಕೊಂಡೆ. ಮಧ್ಯಾಹ್ನವೂ ನೋಡಲಿಲ್ಲ.

ಜಬೀನಾ ಎಲ್ಲಿದ್ದಾಳೆಂದು ಹುಡುಕಿಸಿದೆ. ಮದುವೆಯಾಗಿ ತುಮಕೂರಿನಲ್ಲಿದ್ದಾಳೆ, ಮನೆಯಲ್ಲೇ ಟ್ಯೂಷನ್ ಹೇಳುತ್ತಾಳೆ ಎಂದು ತಿಳಿಯಿತು. ಹೋದೆ. ಓದುವವರು ನನ್ನ ಬಗ್ಗೆ ಒಳ್ಳೆಯದು ಎಣಿಸಬಾರದು — ನಾನು ಕ್ಷಮೆ ಕೇಳಲು ಹೋಗಲಿಲ್ಲ. ಆ ಚತುರ್ಭುಜಕ್ಕೆ ಉತ್ತರ ಕೇಳಲು ಹೋದೆ. ಎರಡನೆಯ ಸಲ ಕದಿಯಲು.

ಕಿರಿದಾದ ಗಲ್ಲಿ, ಹಸಿರು ಬಾಗಿಲ ಮನೆ. ಹಜಾರದಲ್ಲಿ ಚಾಪೆ ಹಾಸಿ ಹೈಸ್ಕೂಲಿನ ಹುಡುಗಿಯರು ಕೂತಿದ್ದರು. ಅವಳು ನನ್ನನ್ನು ನೋಡಿ ಎದ್ದು ನಿಂತಳು. ಕುರ್ಚಿ ಹಾಕಿದಳು, ನೀರು ತಂದಳು. ಕುಶಲ ಕೇಳಿ, ತರಬೇತಿಯ ಮಾತು ತೆಗೆದು, ಸುತ್ತಿ ಬಳಸಿ ನನ್ನ ಪ್ರಶ್ನೆ ಇಟ್ಟೆ. ಅವಳು ನನ್ನನ್ನೇ ನೋಡುತ್ತಾ ಕೇಳಿಸಿಕೊಂಡಳು.

"ಅದನ್ನ ಕೇಳೋಕೆ ಬಂದ್ರಾ ಮೇಡಂ?"

ಹೌದೆಂದು ತಲೆಯಾಡಿಸಿದೆ. ಅವಳು ಮಕ್ಕಳ ಕಡೆ ತಿರುಗಿ, "ಏಳ್ರೇ, ಹಗ್ಗ ತಗೊಳ್ರಿ" ಎಂದಳು. ಕರ್ಣಕ್ಕೆ ಎರಡು ಹಗ್ಗ ಹಿಡಿಸಿ, ಅದರ ಎರಡು ತುದಿಗಳಲ್ಲಿ ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿದಳು. ಒಂದು ಮೂಲೆ, ಇಬ್ಬರು ಹುಡುಗಿಯರು — ಒಬ್ಬಳು ಈ ತ್ರಿಕೋನಕ್ಕೆ, ಇನ್ನೊಬ್ಬಳು ಆ ತ್ರಿಕೋನಕ್ಕೆ. ಉಳಿದೆರಡು ಮೂಲೆಗೆ ಒಬ್ಬೊಬ್ಬಳು, ಮತ್ತೆ ಆರು ಜನವಾದರು. "ಈಗ ಎರಡನ್ನೂ ಎಳೆದು ಬೇರೆ ಮಾಡ್ರಿ" ಎಂದಳು. ಚತುರ್ಭುಜ ಎರಡು ತ್ರಿಕೋನವಾಗಿ ಬಿಡಿಸಿಕೊಂಡಿತು. ಹಜಾರದ ಗೋಡೆಗೆ ಒತ್ತಿಕೊಂಡು ನಿಂತ ಮಕ್ಕಳು ತಮ್ಮ ಜೋಡಿಗಳನ್ನು ಎದುರಿನ ತುದಿಯಲ್ಲಿ ಗುರುತಿಸಿ ಕೂಗಿದರು. ಅಷ್ಟು ಸರಳ. ಅವಳು ಗುಬ್ಬಿಯಲ್ಲಿದ್ದಾಗಲೇ ಅದನ್ನು ಯೋಚಿಸಿದ್ದಳಂತೆ. ನಾನು ಕೇಳಿರಲಿಲ್ಲ.

ಮಕ್ಕಳನ್ನು ಕಳಿಸಿದ ಮೇಲೆ ಅವಳು ಕುಳಿತಳು. ಸ್ಕೂಲಿಗೆ ಯಾಕೆ ಸೇರಲಿಲ್ಲ ಎಂದು ನಾನೇ ಕೇಳಿದೆ. ಯಾವ ಬಾಯಿಂದ ಕೇಳಿದೆನೋ.

"ಸೇರ್ಬೇಕು ಅಂತ ಎಷ್ಟು ಕಡೆ ಹೋದೆ ಮೇಡಂ. ಎಲ್ಲಿ ಹೋದ್ರೂ ಮೊದ್ಲು ಕೇಳೋರು, 'ಕ್ಲಾಸ್ ಕಂಟ್ರೋಲ್ ಮಾಡ್ತೀರೇನಮ್ಮ?' ಅಂತ. ಗುಬ್ಬೀಲಿ ವಿಚಾರಿಸಿದ್ವಿ ಅನ್ನೋರು. ಆ ಮಾತು ಎಲ್ಲಿಂದ ಹುಟ್ತು ಅಂತ ಇವತ್ತಿಗೂ ಗೊತ್ತಾಗಿಲ್ಲ ನಂಗೆ. ನನ್ನ ಕ್ಲಾಸಲ್ಲಿ ಒಬ್ಳೂ ಮಾತು ಮೀರ್ತಿರಲಿಲ್ಲ."

ಅವಳಿಗೆ ಗೊತ್ತಿರಲಿಲ್ಲ! ಆಟ ಕದ್ದದ್ದು ಗೊತ್ತಿತ್ತು, ಎದುರಿಗೇ ಆದದ್ದು. ಆಫೀಸಿನೊಳಗೆ ನಾನು ಆಡಿದ ಮಾತು ಗೊತ್ತಿರಲಿಲ್ಲ. ನೀರು ಕುಡಿದು ಎದ್ದುಬರಬಹುದಿತ್ತು. ಉತ್ತರವೂ ಸಿಕ್ಕಿತ್ತು.

"ಆ ಮಾತು ನಂದು ಜಬೀನಾ" ಎಂದೆ. "ಸೆಕ್ರೆಟರಿಗೆ ನಾನೇ ಹೇಳಿದ್ದು."

ಅವಳು ಅಳಲಿಲ್ಲ, ಕೂಗಲಿಲ್ಲ. ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದಳು. ಆಮೇಲೆ ಎದ್ದು ಬಾಗಿಲು ತೆರೆದು ಹಿಡಿದಳು.

"ಆಟ ತಗೊಂಡ್ರಿ, ಅದನ್ನ ಯಾವತ್ತೋ ಮಾಫ್ ಮಾಡ್ಬಿಟ್ಟಿದ್ದೆ. ಇರ್ಲಿ, ಎಲ್ಲಾದ್ರೂ ಮಕ್ಕಳು ಕಲೀತವೆ ಅಂತ. ಇದನ್ನ ಮಾಡಲ್ಲ ಮೇಡಂ. ನೀವು ಇಲ್ಲಿ ನನ್ನ ಮುಂದೆ ಅತ್ರೆ ಏನ್ ಬಂತು? ಎಲ್ಲೆಲ್ಲಿ ಹೇಳಿದ್ರೋ ಅಲ್ಲಿ ಹೋಗಿ ಹೇಳಿ."

ಹೇಳಿದೆ. ತುಮಕೂರಿನಲ್ಲಿ ಮುಂದಿನ ತರಬೇತಿ ನಡೆದಾಗ ವೇದಿಕೆ ಹತ್ತಿ, ಹಗ್ಗ ಮುಟ್ಟುವ ಮೊದಲೇ ಹೇಳಿದೆ: ಈ ಆಟ ಜಬೀನಾ ಎಂಬ ಶಿಕ್ಷಕಿಯದು, ನಾನು ನನ್ನದೆಂದು ಸುಳ್ಳು ಹೇಳಿದೆ, ಅವರ ಕೆಲಸ ತಪ್ಪುವಂತೆಯೂ ಮಾತಾಡಿದೆ, ಅವರಿಗೆ ಕ್ಲಾಸ್ ಕಂಟ್ರೋಲ್ ಇಲ್ಲವೆಂದದ್ದು ಶುದ್ಧ ಸುಳ್ಳು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಧಿಕಾರಿಯೊಬ್ಬರು ಎದ್ದು, "ಮೇಡಂ, ಟೀ ಟೈಮ್ ಆಯ್ತು, ಸಾಕು" ಎಂದರು. ಯಾರೋ ಮೈಕ್ ಆರಿಸಿದರು. ಆರಿಸಲಿ! ಅಷ್ಟು ವರ್ಷ ಕ್ಲಾಸುಗಳ ಬಾಯಿ ಮುಚ್ಚಿಸಿದ ಗಂಟಲು ನನ್ನದು. ಕೊನೆಯ ಬೆಂಚಿನವರೆಗೆ ಕೇಳುವ ಹಾಗೆ ಪೂರ್ತಿ ಹೇಳಿ ಮುಗಿಸಿದೆ. ಆಮೇಲೆ ಬೆನ್ನಿಗೆ ಬೆನ್ನು ನಿಲ್ಲಿಸುವುದನ್ನು ತೋರಿಸಿದೆ, ಅದೂ ಜಬೀನಾಳದೇ ಎಂದು ಹೇಳಿ.

ಸುದ್ದಿ ಗುಬ್ಬಿ ಮುಟ್ಟಿತು. ಸೆಕ್ರೆಟರಿಯವರು ಮನೆಗೇ ಬಂದರು.

"ಏನ್ರೀ ಗಿರಿಜಮ್ಮ, ಮನೆ ಮಾತನ್ನ ಬೀದೀಲಿ ಆಡೋದೇ? ಏನೋ ಬೇಜಾರಲ್ಲಿದ್ದೆ, ಬಾಯ್ತಪ್ಪಿ ಬಂತು ಅಂತ ಒಂದು ಮಾತು ಹೇಳ್ಬುಡಿ, ಮುಗೀತದೆ."

"ಬಾಯ್ತಪ್ಪಿ ಬಂದಿದ್ದು ಅವತ್ತು ಸಾರ್, ನಿಮ್ಮ ಆಫೀಸಲ್ಲಿ. ಅಲ್ಲ, ಅವತ್ತೂ ಬಾಯ್ತಪ್ಪಿ ಬರಲಿಲ್ಲ. ಬೇಕು ಅಂತಲೇ ಹೇಳ್ದೆ. ನೀವೂ ಬೇಕು ಅಂತಲೇ ಕೇಳಿದ್ರಿ. ಅವಳಿಗೆ ಕೆಲಸ ವಾಪಸ್ ಕೊಡಿ."

"ಅವಳ ವಯಸ್ಸೇ ಮೀರೋಗಿದೆ. ರೂಲ್ಸ್ ಒಪ್ಪಲ್ಲ" ಎಂದರು. ರೂಲ್ಸ್!

ಮುಖ್ಯೋಪಾಧ್ಯಾಯಿನಿಯ ಕುರ್ಚಿ ಬೇರೆಯವರಿಗೆ ಹೋಯಿತು. ಕುಣಿಗಲ್‌ನಲ್ಲೇ ಮತ್ತೆ ಬರೀ ಶಿಕ್ಷಕಿಯಾಗಿ ಉಳಿದೆ. ತರಬೇತಿಗಳಿಗೆ ಕರೆಯುವುದನ್ನು ನಿಲ್ಲಿಸಿದರು. ಇದನ್ನು ತ್ಯಾಗವೆಂದು ನಾನು ಹೇಳಿಕೊಳ್ಳುವುದಿಲ್ಲ, ನೀವೂ ಹೇಳಬೇಡಿ. ಕದ್ದ ಕುರ್ಚಿಯಿಂದ ಇಳಿದವಳಿಗೆ ಹಾರ ಹಾಕುವುದಿಲ್ಲ.

ಜಬೀನಾಳಿಗೆ ತುಮಕೂರಿನಲ್ಲಿ ನಾನು ಮಾತಾಡಿದ್ದು ಗೊತ್ತಾಗಿದೆ. ಅವಳಿಂದ ಮಾತು ಬಂದಿಲ್ಲ. ನಾನೂ ಮತ್ತೆ ಆ ಬಾಗಿಲಿಗೆ ಹೋಗಿಲ್ಲ. ಕ್ಷಮಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾಳೆ. ಆ ಹಕ್ಕು ಅವಳದು, ಹೋಗಿ ಹೋಗಿ ಪೀಡಿಸಿ ಅದನ್ನೂ ಕಿತ್ತುಕೊಳ್ಳಲಾರೆ. ಅವಳು ಮೈದಾನದಲ್ಲಿ ನಿಂತು ಕಲಿಸಬೇಕಾಗಿದ್ದ ವರ್ಷಗಳು, ಕೂಗಿ ಉತ್ತರ ಹೇಳಬೇಕಾಗಿದ್ದ ಆ ಹುಡುಗಿಯರೆಲ್ಲ... ಅದನ್ನು ಯಾವ ವೇದಿಕೆಯ ಮೇಲೆ ಎಷ್ಟು ಗಟ್ಟಿಯಾಗಿ ಹೇಳಿದರೂ ಹಿಂದಿರುಗಿಸಲಾಗುವುದಿಲ್ಲ.

ಈಗಲೂ ಎಲ್ಲಾದರೂ ಶಾಲೆಯಲ್ಲಿ 'ಗಿರಿಜಾ ಮೇಡಂ ಆಟ' ಎಂದು ಯಾರೋ ಆಡಿಸುತ್ತಿದ್ದಾರೆಂದು ಕಿವಿಗೆ ಬಿದ್ದರೆ, ಬಸ್ಸು ಹತ್ತಿ ಹೋಗುತ್ತೇನೆ. ಆ ಮಾಸ್ತರನ್ನೋ ಶಿಕ್ಷಕಿಯನ್ನೋ ಕಂಡು, ಹೆಸರು ತಿದ್ದಿಕೊಳ್ಳಿ ಎನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಕಾಫಿ ತರಿಸಿ ಸಮಾಧಾನ ಹೇಳುತ್ತಾರೆ — ಆಗಿದ್ದಾಯ್ತು ಮೇಡಂ, ಬಿಟ್ಬಿಡಿ.

ಬಿಡುವುದಿಲ್ಲ.